ಫೋನಿನಲ್ಲಿದ್ದ ಗದ್ದುಗೆ

ಕುಸುಮಬಾಯಿ ಒಳ್ಳೆಯ ಹೆಂಗಸು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಒಳ್ಳೆಯವಳಾಗಲು ಆಕೆಗೆ ಎಂದೂ ಪುರುಸೊತ್ತು ಸಿಕ್ಕಿಲ್ಲ. ಬೆಳಿಗ್ಗೆ ಎದ್ದರೆ ಎರಡು ಎಮ್ಮೆ, ಆಮೇಲೆ ಓಣಿಯವರ ತಪ್ಪು ಹುಡುಕುವ ಕೆಲಸ, ಸಂಜೆ ಮತ್ತೆ ಎಮ್ಮೆ. ಹಾಲಿಗೆ ನೀರು ಬೆರೆಸುವುದಿಲ್ಲ, ಮಾತಿಗೆ ಸಕ್ಕರೆ ಬೆರೆಸುವುದಿಲ್ಲ. ಅರವತ್ತೆರಡು ದಾಟಿದ ಮೇಲೂ ಆಕೆ ಬರುತ್ತಿದ್ದಾಳೆ ಎಂದರೆ ಕಟ್ಟೆಯ ಮೇಲೆ ಕೂತ ಗಂಡಸರು ಬೀಡಿಯನ್ನು ಬೆನ್ನ ಹಿಂದೆ ಹಿಡಿಯುತ್ತಾರೆ. ನಾನೂ ಹಿಡಿದಿದ್ದೇನೆ.

ನಾನು ಶಾಂತವೀರಪ್ಪ, ಅದೇ ಊರಿನವನು. ಔರಾದ ಶಹಾಜನಿಯಿಂದ ನಿಲಂಗಾ ಕಡೆ ಬರುವಾಗ ಸಿಗುವ ಊರು ನಮ್ಮದು, ಗಡಿಯ ಮರಾಠಿ ಸೀಮೆಯಲ್ಲಿ. ಮೂವತ್ತೊಂದು ವರ್ಷದಿಂದ ನಿಲಂಗಾ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತೇನೆ. ಜನ ನನ್ನ ಮುಂದೆ ಕನ್ನಡದಲ್ಲಿ ಅಳುತ್ತಾರೆ, ನಾನು ಅದನ್ನು ಮರಾಠಿಯಲ್ಲಿ ಬರೆಯುತ್ತೇನೆ. ಮೊದಲು ಹಾಳೆಯ ನೆತ್ತಿಯ ಮೇಲೆ ಪೆನ್ನಿನಿಂದ ಮೂರು ಅಡ್ಡ ಗೆರೆ ಎಳೆಯುತ್ತೇನೆ, ಹಣೆಗೆ ವಿಭೂತಿ ಎಳೆದ ಹಾಗೆ. ಉಳಿದವರು ‘ಶ್ರೀ’ ಬರೆಯುತ್ತಾರೆ. ನನ್ನಪ್ಪ ಗೆರೆ ಎಳೆಯುತ್ತಿದ್ದ, ನಾನೂ ಎಳೆಯುತ್ತೇನೆ. ನಿಲಂಗಾದಲ್ಲಿ ಈ ಗೆರೆ ಎಳೆಯುವವನು ನಾನೊಬ್ಬನೇ ಎಂಬ ಜಂಬ ನನಗಿತ್ತು. ಆ ಜಂಬ ಹೇಗೆ ಇಳಿಯಿತು ಎಂಬುದನ್ನೇ ಹೇಳಲು ಹೊರಟಿದ್ದೇನೆ.

ಕುಸುಮಬಾಯಿಯ ಗಂಡ ಜಗದೇವಪ್ಪ ನನಗಿಂತ ಆರು ವರ್ಷ ದೊಡ್ಡವನು, ಹಾಗಾಗಿ ಆಕೆ ನನಗೆ ವೈನಿ, ಅಂದರೆ ಅತ್ತಿಗೆ. ಅವನಷ್ಟು ಮೆತ್ತಗಿನ ಮನುಷ್ಯನನ್ನು ನಾನು ಕಂಡಿಲ್ಲ. ಹೆಂಡತಿ ಬೈಯುವಾಗ ಪುರಾಣ ಕೇಳುವವನ ಹಾಗೆ ತಲೆದೂಗುತ್ತಾ ಕೂತಿರುತ್ತಿದ್ದ. ಅವನೂ ತಮ್ಮ ರೇವಣಪ್ಪನೂ ಹೊಲ ಪಾಲು ಮಾಡಿಕೊಂಡಾಗ ಕಾಗದ ಮಾಡಿಸಲಿಲ್ಲ. ದೇವರ ಜಗಲಿಯ ಮುಂದೆ ನಿಂತು ವಿಭೂತಿ ಮುಟ್ಟಿ ಬಾಯಿಮಾತಿನಲ್ಲಿ ಮುಗಿಸಿದರು. ರಸ್ತೆಯ ಕಡೆಯ ತುಂಡು ಅಣ್ಣನಿಗೆ, ಒಳಗಿನ ದೊಡ್ಡ ತುಂಡು ತಮ್ಮನಿಗೆ. ಸರಕಾರದ ಪುಸ್ತಕದಲ್ಲಿ ಮಾತ್ರ ಎರಡೂ ಇವತ್ತಿಗೂ ಒಂದೇ ಗಟ್ ನಂಬರಿನ, ಅಂದರೆ ಒಂದೇ ಸರ್ವೆ ನಂಬರಿನ, ಒಂದೇ ಹೊಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂಬತ್ತು ವರ್ಷದ ಹಿಂದೆ ಜಗದೇವಪ್ಪ ಲಿಂಗೈಕ್ಯನಾದ. ನಮ್ಮಲ್ಲಿ ಸತ್ತ ಮೇಲೆ ಹೊಲ ಇದ್ದವರು ಹೊಲದಲ್ಲೇ ಕೂರಬೇಕು, ಹೊಲ ಇಲ್ಲದವರಿಗೆ ಊರ ರುದ್ರಭೂಮಿ. ಅವನನ್ನು ರಸ್ತೆ ಕಡೆಯ ತುಂಡಿನಲ್ಲಿ, ಬೇವಿನ ಬುಡದಲ್ಲಿ, ಅಂಗೈಯಲ್ಲಿ ಲಿಂಗ ಇಟ್ಟು ಕೂರಿಸಿ ಮಣ್ಣು ಮಾಡಿದೆವು. ಮೇಲೆ ಕರಿಕಲ್ಲಿನ ಗದ್ದುಗೆ ಕಟ್ಟಿಸಿದಳು ಕುಸುಮಬಾಯಿ. ಅದರ ಎಡಕ್ಕೆ ನಾಲ್ಕು ಮೊಳ ಜಾಗ ಬಿಟ್ಟು, ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟಳು. ಯಾಕೆಂದು ಕೇಳಿದ್ದಕ್ಕೆ, “ಇದು ನಂದು. ಸತ್ತ ಮ್ಯಾಲ ಯಾರೂ ‘ಎಲ್ಲಿ ಕುಂದರಸೋಣು’ ಅಂತ ಮೀಟಿಂಗ್ ಮಾಡಬಾರದು,” ಎಂದಳು.

ಸೋಮವಾರ ಸೋಮವಾರ ಮಿಂದು ಅಲ್ಲಿಗೆ ಹೋಗುವಳು. ಗದ್ದುಗೆಗೆ ನೀರು ಹಾಕಿ, ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು, ಆಮೇಲೆ ತನ್ನ ನಾಲ್ಕು ಕಲ್ಲಿನ ನಡುವೆ ಕೂತು ವಾರದ ವರದಿ ಒಪ್ಪಿಸುವಳು. ಯಾವ ಎಮ್ಮೆ ಒದೆಯಿತು, ಔರಾದದಲ್ಲಿ ಬ್ಲೌಸ್ ಹೊಲಿಯುವ ಮಗಳು ಜಯಮಾಲಾಳ ಗಂಡ ಏನಂದ, ತೊಗರಿ ಕೊಯ್ಯಲು ಬಂದವರು ಎಷ್ಟು ಹೊತ್ತಿಗೆ ಬಂದರು. ಬದುಕಿದ್ದಾಗ ಕೇಳಿದಷ್ಟೇ ಶಾಂತವಾಗಿ ಅವನು ಕೇಳುತ್ತಿದ್ದ.

ಆಮೇಲೆ ರಸ್ತೆ ಅಗಲವಾಯಿತು. ನಮ್ಮ ಊರಿಗೆ ತಿರುಗುವ ಕಡೆ ಒಂದು ಮೇಲ್ಸೇತುವೆ, ಅದರ ಇಳಿಜಾರು ಸರಿಯಾಗಿ ಜಗದೇವಪ್ಪನ ತುಂಡಿನ ಮೇಲೆಯೇ ಬಂತು. ತುಂಡು ಪೂರ್ತಿ ಹೋಯಿತು. ಬೇವು ಹೋಯಿತು, ಗದ್ದುಗೆಯೂ ಹೋಯಿತು. ಜೆಸಿಬಿ ಬರುವ ಹಿಂದಿನ ದಿನ ಮಠದ ಅಯ್ಯನವರು ಬಂದು ಮಂತ್ರ ಹೇಳಿ, ಗದ್ದುಗೆಯ ಬುಡದ ಒಂದು ಬೊಗಸೆ ಮಣ್ಣು ತೆಗೆದು ಬಿಳಿ ಬಟ್ಟೆಯಲ್ಲಿ ಕಟ್ಟಿ ಆಕೆಯ ಉಡಿಗೆ ಹಾಕಿದರು. ಇದನ್ನು ಇಟ್ಟು ಬೇರೆ ಕಡೆ ಗದ್ದುಗೆ ಕಟ್ಟಿಸಿದರೆ ಜಗದೇವಪ್ಪ ಅಲ್ಲಿಗೆ ಬಂದ ಹಾಗೆ ಎಂದರು. ಬೇರೆ ಕಡೆ ಎಂದರೆ ಎಲ್ಲಿ? ಆಕೆಗೆ ಉಳಿದದ್ದು ಊರೊಳಗಿನ ಮನೆ ಮತ್ತು ಕೊಟ್ಟಿಗೆ.

ಆಕೆ ಮೈದುನ ರೇವಣಪ್ಪನ ಮನೆಗೆ ಹೋದಳು. ಯಾರ ಬಾಗಿಲಿಗೂ ಬೇಡಲು ಹೋಗದ ಹೆಂಗಸು ಹೋಗಿ, ಅವನ ಹೊಲದ ಬದುವಿನ ಮೇಲೆ ನಾಲ್ಕು ಮೊಳ ಜಾಗ ಕೇಳಿದಳು. ರೇವಣಪ್ಪ ಕೆಟ್ಟವನಲ್ಲ, ಅಂಜುಬುರುಕ. ನಮ್ಮ ಸೀಮೆಯಲ್ಲಿ ಅಂಜುಬುರುಕರೇ ಹೆಚ್ಚು ಹಾಳು ಮಾಡಿದ್ದಾರೆ.

“ವೈನಿ, ಗದ್ದಿಗಿ ಇದ್ದಲ್ಲಿ ಹಕ್ಕ ಇರ್ತದ,” ಎಂದ ಅವನು. “ಇವತ್ತ ನಾಕು ಮೊಳ ಕೊಡ್ತೀನಿ. ನಾಳಿ ಜಯಮಾಲಾನ ಮಕ್ಕಳು ಬಂದು ‘ನಮ್ಮ ಮುತ್ಯಾ ಇಲ್ಲಿ ಕುಂತಾನ, ಅರ್ಧಾ ಹೊಲ ನಮ್ದು’ ಅಂದ್ರ ನಾ ಎಲ್ಲಿಗಿ ಹೋಗ್ಲಿ? ಕಾಗದದಾಗ ಹೊಲ ಇನ್ನಾ ಒಂದೇ ಅದ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಾಗದದ ಪ್ರಕಾರ ಆಕೆ ಉಳಿದ ಹೊಲದಲ್ಲೂ ಪಾಲು ಕೇಳಬಹುದಿತ್ತು. ನಾನೇ ಆಕೆಗೆ ಹೇಳಿದೆ, ಒಂದು ದಾವೆ ಹಾಕೋಣ ಎಂದು. ಆಕೆ ನನ್ನನ್ನು ಕೆಕ್ಕರಿಸಿ ನೋಡಿದಳು. “ಅಂವಾ ಇಬತ್ತಿ ಮುಟ್ಟಿ ಆಡಿದ ಮಾತು ಅದು. ಅಂವಾ ಸತ್ತಾನಂತ ಮಾತೂ ಸತ್ತದೇನು?”

ದಾವೆಯ ಬದಲು ನಾನು ಒಂದು ಅರ್ಜಿ ಬರೆದುಕೊಟ್ಟೆ. ರಸ್ತೆಗೆ ಸಮಾಧಿ ಕಳೆದುಕೊಂಡವರಿಗೆ ರಸ್ತೆಯ ಪಕ್ಕ ಉಳಿದ ಸರಕಾರಿ ಜಾಗದಲ್ಲಿ ತುಸು ನೆಲ ಕೊಡಬಹುದು ಎಂದು ಒಬ್ಬ ಕಾರಕೂನ ಹೇಳಿದ್ದ. ಗಟ್ ನಂಬರು ಹಾಕಿ, ಗದ್ದುಗೆ ಇತ್ತು, ಹೋಯಿತು, ನಾಲ್ಕು ಮೊಳ ಕೊಡಿ ಎಂದು ಬರೆದೆ. ಮೂರು ಗೆರೆ ಎಳೆಯುವುದನ್ನು ನೋಡಿ ಆಕೆಗೆ ಖುಷಿಯಾಯಿತು. “ಕಾಗದಕ್ಕೂ ಇಬತ್ತಿ ಹಚ್ಚತೀ ಏನು? ಹಂಗಾರ ಕೆಲ್ಸ ಆಗ್ತದ ಬಿಡು,” ಎಂದಳು. ಆ ಅರ್ಜಿ ಎರಡು ವರ್ಷ ಒಂದು ಕಪಾಟಿನಲ್ಲಿ ನಿದ್ದೆ ಮಾಡಿತು. ಮಣ್ಣಿನ ಗಂಟು ಆಕೆಯ ಜಗಲಿಯ ಮೇಲೆ ಕೂತಿತ್ತು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಮೂರು ಜನ ಚಿತ್ರಕಲಾವಿದರು ಬಂದರು, ಪುಣೆಯ ಯಾವುದೋ ಟ್ರಸ್ಟಿನ ಕಡೆಯಿಂದ. ಅವರ ಮುಖ್ಯಸ್ಥೆ ಮನಿಷಾ ಎಂಬವಳು. ಮುರುಮ ಊರಿನ ಅಜ್ಜಿಯ ಕೈಯಲ್ಲಿ ಬೆಳೆದದ್ದರಿಂದ ಒಡಕು ಕನ್ನಡ ಬರುತ್ತಿತ್ತು. ಕುಂಚ ಇಲ್ಲ, ಬಣ್ಣ ಇಲ್ಲ, ಗೋಡೆಯೂ ಬೇಡ. ಎಲ್ಲ ಫೋನಿನಲ್ಲೇ. ಒಂದು ಜಾಗದಲ್ಲಿ ನಿಂತು, ಕಂಬಕ್ಕೆ ಅಂಟಿಸಿದ ಸ್ಕ್ಯಾನರ್ ಚೀಟಿಗೆ ಫೋನು ತೋರಿಸಿ, ಆಮೇಲೆ ಫೋನನ್ನು ಎತ್ತಿ ಹಿಡಿದರೆ ಎದುರಿನ ಬಯಲಿನಲ್ಲಿ ಇಲ್ಲದ ವಸ್ತು ನಿಂತಿರುತ್ತದೆ. ಸುತ್ತ ತಿರುಗಿದರೆ ಅದರ ಬೆನ್ನೂ ಕಾಣುತ್ತದೆ. ಫೋನು ಇಳಿಸಿದರೆ ಬರೀ ಬಯಲು. ‘ಹರವಲೇಲ್ಯಾ ಜಾಗಾ’, ಅಂದರೆ ಕಳೆದುಹೋದ ಜಾಗಗಳು, ಎಂದು ಹೆಸರಿಟ್ಟಿದ್ದರು. ಉದಗೀರದಲ್ಲಿ ಮುಚ್ಚಿದ ಬಾವಿ, ಉಮರ್ಗಾದಲ್ಲಿ ಕಡಿದ ಆಲದ ಮರ, ಮುರುಮದಲ್ಲಿ ಹಳೆಯ ಕಬ್ಬಿನ ಗಾಣ ಆಗಲೇ ನಿಂತಿದ್ದವು. ಜನ ಗಾಣದ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಪಕ್ಕದ ಗಾಡಿಯಲ್ಲಿ ಕಬ್ಬಿನ ಹಾಲು ಕುಡಿದು ಹೋಗುತ್ತಿದ್ದರು.

ನಮ್ಮೂರಿಗೆ ಬಂದ ಮನಿಷಾ ಹಾಲು ಹಾಕುತ್ತಿದ್ದ ಕುಸುಮಬಾಯಿಯನ್ನು ಕೇಳಿದಳು, “ಆಜೀ, ರಸ್ತಾ ನಿಮ್ಮೂರಾಗ ಏನೇನು ನುಂಗ್ಯಾದ?”

“ನನ್ನ ಗಂಡನ್ನ ನುಂಗ್ಯಾದ,” ಎಂದಳು ಕುಸುಮಬಾಯಿ.

ಮನಿಷಾ ಆ ಮಾತಿಗೆ ಅಲ್ಲೇ ಕೂತುಬಿಟ್ಟಳು. ಗದ್ದುಗೆಯ ವರ್ಷದ ಪೂಜೆಯಲ್ಲಿ ತೆಗೆದ ಮೂರು ಫೋಟೊ ಇದ್ದವು. ಅವನ್ನು ನೋಡಿ, ಆಕೆಯನ್ನು ಹದಿನೈದು ದಿನ ಕೇಳಿ ಕೇಳಿ, ಫೋನಿನೊಳಗೆ ಗದ್ದುಗೆಯನ್ನು ಕಟ್ಟಿದರು. ಕರಿಕಲ್ಲು ಕರಿಕಲ್ಲಿನ ಹಾಗೆಯೇ. ಮೂಲೆಯಲ್ಲಿ ಚಕ್ಕೆ ಹಾರಿದ್ದೂ ಹಾಗೆಯೇ. “ನನ್ನ ನಾಕು ಕಲ್ಲ ಎಲ್ಲಿ? ಅವು ಇಲ್ಲಂದ್ರ ನಿನ್ನ ಚಿತ್ರ ನನಗ ಬ್ಯಾಡ,” ಎಂದು ಹಟ ಹಿಡಿದಾಗ ನಾಲ್ಕು ಕಲ್ಲೂ ಬಂದವು.

ಮನಿಷಾ ತಪ್ಪು ಮಾಡಿದ್ದು ಇಲ್ಲಿ, ಅದೂ ಒಳ್ಳೆಯ ಮನಸ್ಸಿನಿಂದ. ಮೂಲದ ಜಾಗ ಲಾರಿ ಓಡುವ ಇಳಿಜಾರಿನ ನಡುವೆ ಇತ್ತು. ಅಲ್ಲಿಟ್ಟರೆ ನೋಡಲು ಬಂದವರು ಲಾರಿಯ ಅಡಿಗೆ ಹೋಗುತ್ತಾರೆ ಎಂದು, ಗದ್ದುಗೆಯನ್ನು ನಲವತ್ತು ಹೆಜ್ಜೆ ಒಳಗೆ ಸರಿಸಿ ರೇವಣಪ್ಪನ ಬದುವಿನ ಮೇಲೆ ಇಟ್ಟಳು. ಯಾರನ್ನೂ ಕೇಳಲಿಲ್ಲ. ಗಾಳಿಯಲ್ಲಿರುವುದಕ್ಕೆ ಯಾರ ಅಪ್ಪಣೆ? ಪುಣೆಯಲ್ಲಿ ಹಾಗೆ ಇರಬಹುದು. ನಮ್ಮಲ್ಲಿ ಗದ್ದುಗೆ ಗಾಳಿಯಲ್ಲಿದ್ದರೂ ಗದ್ದುಗೆಯೇ.

ಮೊದಲ ಸೋಮವಾರ ನಾನೂ ಹೋಗಿದ್ದೆ. ಜಯಮಾಲಾ ತನ್ನ ಫೋನನ್ನು ಅವ್ವನ ಮುಖದ ಮುಂದೆ ಹಿಡಿದಳು. ಕುಸುಮಬಾಯಿ ಮೊದಲು ಫೋನು ನೋಡಿದಳು, ಆಮೇಲೆ ಫೋನಿನಾಚೆ ಇಣುಕಿ ಬರೀ ಬದುವನ್ನು ನೋಡಿದಳು, ಮತ್ತೆ ಫೋನು ನೋಡಿದಳು. ಅವಳ ಕೆಳತುಟಿ ನಡುಗಿದ್ದನ್ನು ನಾನು ಆ ಒಂದೇ ಸಲ ಕಂಡದ್ದು. ತಾನು ಬೇಡಿ ಸಿಗದ ಜಾಗದಲ್ಲೇ ಅವನು ಬಂದು ಕೂತಿದ್ದಾನೆ ಎಂದು ಆಕೆಗೆ ಅನಿಸಿತು. ನನಗೂ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

“ಸ್ವಲ್ಪ ಎಡಕ್ಕ, ಅವ್ವಾ. ಇನ್ನಾ ಮುಂದ. ಹಾಂ, ಅಲ್ಲೇ ಅದ,” ಎಂದು ಜಯಮಾಲಾ ಹೇಳುತ್ತಾ ಹೋದಳು. ಕುಸುಮಬಾಯಿ ಬದುವಿನ ಮೇಲೆ ಹತ್ತಿ, ಖಾಲಿ ನೆಲಕ್ಕೆ ನೀರು ಹಾಕಿದಳು. ಖಾಲಿ ಗಾಳಿಯಲ್ಲಿ ಕೈಯಾಡಿಸಿ, ಕೊನೆಗೆ ನೆಲದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಬಿಲ್ವಪತ್ರೆ ಇಟ್ಟಳು. ಎಡಕ್ಕೆ ಕೂತು ಎರಡು ವರ್ಷದ ಬಾಕಿ ವರದಿ ಶುರು ಮಾಡಿದಳು. ಮನಿಷಾ ಅದನ್ನು ದೂರದಿಂದ ನೋಡಿ ಕಣ್ಣೊರೆಸಿಕೊಂಡಳು. ಇಂಥ ಕಲೆಯನ್ನು ಇಂಥವರೇ ಪೂರ್ತಿ ಮಾಡುವುದು ಎಂದೇನೋ ಮರಾಠಿಯಲ್ಲಿ ಅಂದಳು.

ಎರಡನೆಯ ಸೋಮವಾರದ ಹೊತ್ತಿಗೆ ಯಾರೋ ತೆಂಗಿನಕಾಯಿ ಒಡೆದಿದ್ದರು. ಮೂರನೆಯ ಸೋಮವಾರ ಯಾರೋ ಒಂದು ಕಲ್ಲು ಇಟ್ಟು ಹೋದರು. ಬದುವಿನ ಮೇಲೆ ಬೆಳ್ಳಗೆ ವಿಭೂತಿ, ಮೇಲೊಂದು ಕಲ್ಲು. ಫೋನು ಇಲ್ಲದೆಯೂ ಅಲ್ಲಿ ಏನೋ ಇದೆ ಎಂದು ಕಾಣತೊಡಗಿತು.

ಮರುದಿನ ರೇವಣಪ್ಪ ನನ್ನ ಮೇಜಿನ ಮುಂದೆ ಕೂತಿದ್ದ. ಮುಖದಲ್ಲಿ ನೆತ್ತರಿರಲಿಲ್ಲ.

“ನನ್ನ ಹೊಲದಾಗ ಗದ್ದಿಗಿ ಎದ್ದದ, ಶಾಂತವೀರಪ್ಪ.”

“ಎದ್ದದ ಅಂದ್ರ? ಅದು ಫೋನಿನಾಗಿನ ಚಿತ್ರ ಅಲ್ಲೇನೊ.”

“ಜನಾ ಕೈ ಮುಗಿಲತ್ಯಾರ. ಮೊನ್ನಿ ಒಬ್ಬಾಂವ ‘ರೇವಣಪ್ಪಾ, ನಿಮ್ಮಣ್ಣ ತನ್ನ ಪಾಲಿಗಿ ಬಂದು ಕುಂತಾನ ನೋಡು’ ಅಂದ. ನೀ ಏನರ ಮಾಡು, ಬರಿ.”

ಎದುರು ಕೂತವನ ಪರವಾಗಿ ಬರೆಯುವುದು ನನ್ನ ಕಸುಬು. ನಿನ್ನೆ ಯಾರು ಬಂದು ಕೂತಿದ್ದರು ಎಂದು ಹಜಾಮನೂ ಅರ್ಜಿ ಬರೆಯುವವನೂ ನೆನೆಯಬಾರದು ಎಂದು ನಾವು ನಗಾಡುತ್ತಿರುತ್ತೇವೆ. ಇದನ್ನು ಬರೆದರೂ ಏನಾಗುತ್ತದೆ, ಗಾಳಿಯ ಮೇಲೆ ಯಾವ ಸಾಹೇಬ ಕೇಸು ನಡೆಸುತ್ತಾನೆ ಎಂದುಕೊಂಡೆ. ಮೂರು ಗೆರೆ ಎಳೆದೆ. ಗಟ್ ನಂಬರು ಹಾಕಿ, ಸದರಿ ಗಟ್ಟಿನಲ್ಲಿ ಕಾಲ್ಪನಿಕ ಸಮಾಧಿ ತೋರಿಸಿ ಅತಿಕ್ರಮಣ ಮಾಡುತ್ತಿದ್ದಾರೆ ಎಂದು ಬರೆದೆ. ‘ಇಲ್ಲಿ ಯಾವ ಸಮಾಧಿಯೂ ಇಲ್ಲ’ ಎಂಬಲ್ಲಿಗೆ ಬಂದಾಗ ಕೈ ತಾನಾಗಿಯೇ ಮುಂದೆ ಹೋಯಿತು. ‘ಇಲ್ಲ’ ಎಂದರೆ ಅರ್ಜಿ ಹಗುರ, ‘ಎಂದೂ ಇರಲಿಲ್ಲ’ ಎಂದರೆ ತೂಕ. ಗೆರೆ ಎಳೆಯುವುದಾದ ಮೇಲೆ ನಮ್ಮಪ್ಪ ಕಲಿಸಿದ ಎರಡನೆಯ ಪಾಠ ಇದು. ‘ಯಾವ ಸಮಾಧಿಯೂ ಇಲ್ಲ, ಹಿಂದೆ ಎಂದೂ ಇರಲಿಲ್ಲ’ ಎಂದು ಬರೆದು ರೇವಣಪ್ಪನ ಸಹಿ ಹಾಕಿಸಿದೆ.

ಕುಸುಮಬಾಯಿಯ ಅರ್ಜಿ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಅದು ಒಂದು ಕಚೇರಿ, ಇದು ಇನ್ನೊಂದು ಕಚೇರಿ. ಮೂವತ್ತೊಂದು ವರ್ಷದಲ್ಲಿ ಎರಡು ಕಚೇರಿಗಳು ಒಂದರ ಜೊತೆ ಒಂದು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಹೇಳಿದರೆ ನಾಳೆ ನನ್ನ ಮೇಜು ಎತ್ತಿಸುತ್ತಾರೆ. ಕಲ್ಲು ಸಿಮೆಂಟಿನ ಅತಿಕ್ರಮಣದ ಕೇಸುಗಳು ಅಲ್ಲಿ ಇಪ್ಪತ್ತು ವರ್ಷದಿಂದ ಕೊಳೆಯುತ್ತಿವೆ. ಗಾಳಿಯ ಅತಿಕ್ರಮಣ ಹನ್ನೊಂದು ದಿನದಲ್ಲಿ ತೀರ್ಮಾನವಾಯಿತು. ಯಾಕೆಂದರೆ ಅದಕ್ಕೆ ಮೋಜಣಿ ಬೇಡ, ಪೊಲೀಸರು ಬೇಡ, ಜೆಸಿಬಿ ಬೇಡ. ಒಬ್ಬ ಬಂದು ಬದುವಿನ ಮೇಲೆ ನಿಂತು, ಫೋನು ತೆಗೆಯದೆ ಸುತ್ತ ನೋಡಿ, ಪಂಚನಾಮೆಯಲ್ಲಿ ‘ಏನೂ ಇಲ್ಲ’ ಎಂದು ಬರೆದ. ನನ್ನ ಅರ್ಜಿಯ ಸಾಲನ್ನೇ ಎತ್ತಿ ಆದೇಶದಲ್ಲಿ ಹಾಕಿದರು. ಪುಣೆಯ ಟ್ರಸ್ಟಿಗೆ ನೋಟಿಸು ಹೋಯಿತು. ಟ್ರಸ್ಟಿನವರಿಗೆ ಮರ, ಬಾವಿ, ಗಾಣ ಎಲ್ಲ ಬೇಕಿತ್ತು, ತಂಟೆ ಬೇಕಿರಲಿಲ್ಲ. ಒಂದು ಬುಧವಾರ ಗದ್ದುಗೆಯನ್ನು ತೆಗೆದರು.

ಮುಂದಿನ ಸೋಮವಾರ ಜಯಮಾಲಾ ಫೋನು ಎತ್ತಿದಾಗ ಬದುವಿನ ಮೇಲೆ ಏನೂ ಬರಲಿಲ್ಲ. ನೆಟ್‌ವರ್ಕ್ ಇಲ್ಲ ಎಂದುಕೊಂಡು ಇಬ್ಬರೂ ಒಂದು ತಾಸು ಕಾದರಂತೆ. ಆಮೇಲೆ ಮನಿಷಾ ಫೋನು ಮಾಡಿ ಅತ್ತಳು. ಕುಸುಮಬಾಯಿ ಅಳಲಿಲ್ಲ. “ಮೊದಲ ಸಲ ಜೆಸಿಬಿ ಸಪ್ಪಳರ ಬಂದಿತ್ತು. ಈ ಸಲ ಅದೂ ಇಲ್ಲ,” ಎಂದಳಂತೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಫೋನಿನಲ್ಲಿ ಬಂದದ್ದು ಫೋನಿನಲ್ಲೇ ಹೋಯಿತು ಎಂದುಕೊಂಡಿದ್ದೆ. ಆದರೆ ಸಂಕ್ರಾಂತಿ ಕಳೆದು ಒಂದು ವಾರಕ್ಕೆ, ಎರಡು ವರ್ಷ ಮಲಗಿದ್ದ ಆಕೆಯ ಅರ್ಜಿಗೆ ಎಚ್ಚರವಾಯಿತು.

ಮಧ್ಯಾಹ್ನ ಹನ್ನೆರಡರ ಬಸ್ಸಿಗೆ ಕುಸುಮಬಾಯಿ ಒಬ್ಬಳೇ ನಿಲಂಗಾಕ್ಕೆ ಬಂದಳು. ಕೈಯಲ್ಲಿ ಒಂದು ಚೀಲ. ಬೆಂಚಿನ ಮೇಲೆ ಕೂತು ಎರಡು ಹಾಳೆ ನನ್ನ ಮುಂದೆ ಇಟ್ಟಳು. “ಪೋಸ್ಟಿನಾಂವ ಕೊಟ್ಟ. ಜಾಗಾ ಕೊಟ್ಟಾರ ಅಂತ ಕಾಣಸ್ತದ. ಓದು.”

ಮೊದಲನೆಯದು ರಸ್ತೆಯ ಕಚೇರಿಯ ಉತ್ತರ. ನಿಮ್ಮ ಗಟ್ ನಂಬರಿನಲ್ಲಿ ಯಾವುದೇ ಸಮಾಧಿ ಇರಲಿಲ್ಲ ಎಂದು ದಾಖಲೆಯಿಂದ ಸಿದ್ಧವಾಗಿರುವುದರಿಂದ ಬದಲಿ ಜಾಗದ ಪ್ರಶ್ನೆಯೇ ಏಳುವುದಿಲ್ಲ, ಅರ್ಜಿ ತಿರಸ್ಕರಿಸಿದೆ. ಆಧಾರವೆಂದು ಹಿಂದೆ ಒಂದು ಜೆರಾಕ್ಸ್ ಲಗತ್ತಿಸಿದ್ದರು. ಅದು ರೇವಣಪ್ಪನ ಅರ್ಜಿ. ಗಟ್ ನಂಬರು ಒಂದೇ ಆದದ್ದರಿಂದ, ಬದುವಿನ ಮೇಲೆ ಇಲ್ಲದ ಗದ್ದುಗೆಯನ್ನು ಅಳಿಸುವಾಗ ರಸ್ತೆಯ ಕೆಳಗೆ ಇದ್ದ ಗದ್ದುಗೆಯನ್ನೂ ಅಳಿಸಿದ್ದೆ. ಅಪರೂಪಕ್ಕೆ ಎರಡು ಕಚೇರಿಗಳು ಮಾತಾಡಿಕೊಂಡಿದ್ದವು.

ನನ್ನದೇ ಮರಾಠಿಯನ್ನು ನಾನೇ ಕನ್ನಡಕ್ಕೆ ತಿರುಗಿಸಿ ಓದಿದೆ. ‘ಹಿಂದೆ ಎಂದೂ ಇರಲಿಲ್ಲ’ ಎಂಬುದನ್ನು ನುಂಗಲು ನೋಡಿದೆ. ಆಕೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ನುಂಗಲಾಗಲಿಲ್ಲ.

“ಎಂದೂ?”

“ಎಂದೂ.”

“ಹಂಗಾರ ನಾ ಸೋಮಾರಕ್ಕೊಮ್ಮಿ ಯಾರ ಕೂಡ ಮಾತಾಡ್ತಿದ್ದೆ?”

“ಕಾಗದದ ಮಾತು ವೈನಿ ಅದು. ಹಂಗ ಬರೀತಾರ. ಮನಸಿಗಿ ಹಚ್ಕೋಬ್ಯಾಡ್ರಿ.”

“ಯಾರು ಬರೀತಾರ?”

“ಯಾರೋ ವಕೀಲ ಇರಬೇಕು,” ಎಂದೆ.

ಆಕೆ ಜೆರಾಕ್ಸನ್ನು ನನ್ನ ಕಡೆ ಸರಿಸಿ, ಹಾಳೆಯ ನೆತ್ತಿಯ ಮೇಲೆ ಬೆರಳಿಟ್ಟಳು. ಮೂರು ಅಡ್ಡ ಗೆರೆ ಜೆರಾಕ್ಸಿನಲ್ಲಿ ಇನ್ನೂ ಕಪ್ಪಗೆ ಬಂದಿದ್ದವು.

“ನನಗ ಓದಲಕ್ಕ ಬರಲ್ಲ, ಶಾಂತವೀರಪ್ಪ. ಮೂರು ಎಣಸಲಕ್ಕ ಬರ್ತದ.”

ಬೈಗುಳಕ್ಕಾಗಿ ಕಾದೆ. ಇಡೀ ಊರು ಅಂಜುವ ಆ ಬಾಯಿ ತೆರೆದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. ಚೀಲಕ್ಕೆ ಕೈ ಹಾಕಿ, ಅಯ್ಯನವರು ಕಟ್ಟಿಕೊಟ್ಟಿದ್ದ ಮಣ್ಣಿನ ಗಂಟನ್ನು ತೆಗೆದು ನನ್ನ ಮೇಜಿನ ಮೇಲೆ, ಅರ್ಜಿಯ ಹಾಳೆಗಳ ಮೇಲೆ ಇಟ್ಟಳು. ಜಾಗ ಸಿಕ್ಕಿದೆ ಎಂದುಕೊಂಡು, ಆ ನೆಲಕ್ಕೆ ಮುಟ್ಟಿಸಿ ಹೋಗೋಣವೆಂದು ತಂದಿದ್ದಳು.

“ಇದು ನಿನ್ನ ಕಡೆ ಇರಲಿ. ನನಗ ಇನ್ನ ರುದ್ರಭೂಮಿನೇ ಗತಿ. ನಾ ಹೋದ ದಿನ ಇದನ್ನ ತೊಗೊಂಡು ಅಲ್ಲಿಗಿ ಬಾ. ಎಲ್ಲಾರ ಮುಂದ ನನ್ನ ಬಗಲಿಗಿ ಇಡು. ಯಾರ ಮಣ್ಣು ಅಂತ ಕೇಳತಾರ. ಬಾಯಿಲೆ ಹೇಳು. ಬರಿಬ್ಯಾಡ.”

“ವೈನಿ, ನಾ ಇನ್ನೊಂದು ಅರ್ಜಿ...” ಎಂದೆ.

“ಬರಿಬ್ಯಾಡ ಅಂದೆ ಅಲ್ಲ,” ಎಂದು ಎದ್ದಳು. ಸೆರಗು ಕೊಡವಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಹಾಲು ಕರೆಯುವ ಹೊತ್ತಿಗೆ ಊರು ಮುಟ್ಟಬೇಕಿತ್ತು.

ಗಂಟು ಈಗ ನನ್ನ ಮೇಜಿನ ಖಾನೆಯಲ್ಲಿದೆ, ಸ್ಟಾಂಪ್ ಪ್ಯಾಡಿನ ಪಕ್ಕ. ಮನೆಗೆ ಒಯ್ಯಲು ಧೈರ್ಯ ಬರುವುದಿಲ್ಲ. ಆಕೆ ಇನ್ನೂ ಗಟ್ಟಿಯಾಗಿದ್ದಾಳೆ, ಎಮ್ಮೆ ಕರೆಯುತ್ತಾಳೆ. ನಾನು ಕಟ್ಟೆಯ ಮೇಲೆ ಕೂತಿದ್ದರೆ ಎದುರಿನಿಂದಲೇ ಹಾದುಹೋಗುತ್ತಾಳೆ, ಉಳಿದವರನ್ನೆಲ್ಲ ಬೈಯುತ್ತಾಳೆ, ನನ್ನನ್ನು ಬೈಯುವುದಿಲ್ಲ.

ನಿನ್ನೆ ಉದಗೀರ ಕಡೆಯವನೊಬ್ಬ ಬಂದಿದ್ದ. ತನ್ನ ಹೊಲದಲ್ಲಿ ಬೇರೆಯವರ ಹಾದಿ ಇಲ್ಲ ಎಂದು ಬರೆದುಕೊಡಿ ಅಂದ. ಬರೆದೆ. ‘ಇಲ್ಲ, ಹಿಂದೆ ಎಂದೂ ಇರಲಿಲ್ಲ’ ಎಂದೇ ಬರೆದೆ, ಹೊಟ್ಟೆ ಕೇಳಬೇಕಲ್ಲ. ಹಾಳೆಯ ಮೇಲೆ ಮೂರು ಗೆರೆ ಮಾತ್ರ ಎಳೆಯಲಿಲ್ಲ.